ಅವ್ವನ ಗಡಿಯಾರ

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಬಹಳ ಮೊದಲು, ರಾಯಚೂರು ಜಿಲ್ಲೆಯಲ್ಲಿದ್ದಾಗಲೇ, ಶಿಕ್ಷಕಿಯಾಗಿದ್ದ ಅವ್ವ ಮೊದಲ ಪಗಾರದಲ್ಲಿ ಕೀಲಿ ಕೊಡುವ ಎಚ್‌ಎಂಟಿ ಗಡಿಯಾರ ಕೊಂಡಿದ್ದಳು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಉದ್ಯಮವದು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಅಸಲಿ ಬಿಡಿಭಾಗ ಕಳೆದರೆ ಮತ್ತೆ ಸಿಗುವುದು ಕಷ್ಟ.

ನಿಂತುಹೋಗಿದ್ದ ಅದನ್ನು ರಿಪೇರಿಗೆ ಒಯ್ದೆ. "ಡಯಲಿಗೆ ಹೊಸಾ ಬಣ್ಣ ಹೊಡದು, ಕೇಸಿಗೆ ಪಾಲಿಶ್ ಮಾಡ್ಲೇನ್ರೀ ಅಕ್ಕಾರ?"

"ಬ್ಯಾಡ್ರಿ ಅಣ್ಣಾರ. ಒಳಗ ತೊಳದು ಎಣ್ಣಿ ಬಿಡ್ರಿ, ಸಾಕು. ಏನರ ಬದಲಿಸಿದ್ರ ಹಳೇದು ನನಗ ಕೊಡ್ರಿ."

ಒಣಗಿದ ಎಣ್ಣೆಯೇ ಅದನ್ನು ನಿಲ್ಲಿಸಿತ್ತು. ಬಣ್ಣ ಬಳಿದರೆ ಮೂಲ ಅಕ್ಷರ ಹೋಗುತ್ತದೆ. ಪಾಲಿಶ್ ಮಾಡಿದರೆ ಲೋಹವೇ ಸವೆಯುತ್ತದೆ. ಕೇಸಿನ ಅಂಚಿನಲ್ಲಿ ಅವ್ವನ ಬಳೆ ತಾಗಿ ಬಿದ್ದ ಗೀರುಗಳಿವೆ. ಅವ್ವ ಈಗಿಲ್ಲ. ದಿನಾ ಮುಂಜಾನೆ ಕೀಲಿ ಕೊಡುವಾಗ ಬೆರಳು ಆ ಗೀರುಗಳನ್ನೇ ಮುಟ್ಟುತ್ತದೆ.