ಬಗ್ದಾದಿನ ಮಸೂರದಿಂದ ಲೇಸರ್‌ವರೆಗೆ

ಭೂತಕನ್ನಡಿ ಹಿಡಿದು ಬಿಸಿಲಿನಿಂದ ಕಾಗದ ಸುಡದ ವಿದ್ಯಾರ್ಥಿ ಅಪರೂಪ. ಆ ಆಟದ ಹಿಂದಿರುವ ಪ್ರಶ್ನೆಯನ್ನು ಕ್ರಿ.ಶ. 984ರ ಸುಮಾರಿಗೆ ಬಗ್ದಾದಿನ ಗಣಿತಜ್ಞ ಇಬ್ನ್ ಸಹ್ಲ್ ಕೈಗೆತ್ತಿಕೊಂಡರು. ದೂರದಿಂದ ಬರುವ ಸಮಾಂತರ ಕಿರಣಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರಬೇಕಾದರೆ ಮಸೂರದ ಮೈ ಹೇಗಿರಬೇಕು? ಅತಿಪರವಲಯದ ಆಕಾರ ಬೇಕೆಂದು ಅವರು ರೇಖಾಗಣಿತದಿಂದ ಸಾಧಿಸಿ ತೋರಿಸಿದರು. ಆ ಸಾಧನೆಗೆ ಬಳಸಿದ ಸ್ಥಿರ ಅನುಪಾತವು, ನಾವು ತರಗತಿಯಲ್ಲಿ ಸ್ನೆಲ್ ಹೆಸರಿನಲ್ಲಿ ಕಲಿಸುವ ವಕ್ರೀಭವನ ನಿಯಮವೇ ಆಗಿದೆ. ಸ್ನೆಲ್ ಅದನ್ನು ಕಂಡುಕೊಂಡದ್ದು 1621ರಲ್ಲಿ.

(ಮಸೂರ ಎಂದರೆ ನಮ್ಮ ಅಡುಗೆಮನೆಯ ಮಸೂರ ಬೇಳೆಯೇ. ಉರ್ದುವಿನ 'ಅದಸಾ' ಕೂಡ ಅರಬಿಯ ಅದೇ ಬೇಳೆಯಿಂದ ಬಂದದ್ದು!)

ಇಬ್ನ್ ಸಹ್ಲರ ಗ್ರಂಥದ ಹಾಳೆಗಳು ಚದುರಿ ದಮಾಸ್ಕಸ್ ಮತ್ತು ತೆಹರಾನಿನ ಗ್ರಂಥಾಲಯಗಳಲ್ಲಿ ಉಳಿದಿದ್ದವು. ಇತಿಹಾಸಕಾರ ರುಶ್ದಿ ರಾಶಿದ್ ಅವನ್ನು ಜೋಡಿಸಿ ಓದಿ, 1990ರಲ್ಲಿ ಈ ಸಂಗತಿಯನ್ನು ಜಗತ್ತಿಗೆ ತಿಳಿಸಿದರು. ಹಾಗೆಂದು ವೇದಿಕೆಯ ಮೇಲೆ ನಿಂತು 'ಲೇಸರ್ ಕೂಡ ನಮ್ಮವರದೇ' ಎನ್ನುವುದು ಸರಿಯಲ್ಲ. ಬೆಳಕಿನ ತರಂಗಗುಣ ಇಬ್ನ್ ಸಹ್ಲರಿಗೆ ಗೊತ್ತಿರಲಿಲ್ಲ. ಮುಂದಿನ ಕಥೆಯೆಲ್ಲ ಇರುವುದು ಅದರಲ್ಲೇ.

1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ಲೇಸರ್ ಕಿರಣ ಬಹುಮಟ್ಟಿಗೆ ಸಮಾಂತರ. ಅದನ್ನು ತೆಳು ಮಸೂರದ ಮೂಲಕ ಹಾಯಿಸಿದರೆ ಇಬ್ನ್ ಸಹ್ಲ್ ಬಯಸಿದ ಬಿಂದು ಸಿಗಬೇಕಲ್ಲವೇ? ಸಿಗುವುದಿಲ್ಲ. 10 ಸೆಂ.ಮೀ. ಸಂಗಮದೂರದ ಮಸೂರವು ಬಿಸಿಲನ್ನು ಕೂಡಿಸಿದಾಗ ಬೀಳುವುದು ಸೂರ್ಯನ ಪುಟ್ಟ ಬಿಂಬ, ವ್ಯಾಸ ಸುಮಾರು 0.9 ಮಿ.ಮೀ. ಅದೇ ಮಸೂರಕ್ಕೆ 1 ಮಿ.ಮೀ. ಅಗಲದ ಕೆಂಪು ಹೀಲಿಯಂ-ನಿಯಾನ್ ಲೇಸರ್ ಹಾಯಿಸಿದರೆ ಚುಕ್ಕೆ ಸುಮಾರು 0.08 ಮಿ.ಮೀ. ಬಹಳ ಚಿಕ್ಕದು, ಆದರೂ ಬಿಂದುವಲ್ಲ. ಮಸೂರ ಎಷ್ಟೇ ಪರಿಪೂರ್ಣವಾಗಿದ್ದರೂ ವಿವರ್ತನೆಯಿಂದ ತರಂಗ ಸ್ವಲ್ಪ ಹರಡಿಯೇ ತೀರುತ್ತದೆ.

ಇದಕ್ಕಿಂತ ಚಿಕ್ಕ ಚುಕ್ಕೆ ಬೇಕಾದರೆ ಕಿರಣವನ್ನು ಇನ್ನೂ ಸಪೂರ ಮಾಡಬೇಕೆಂದು ಮಕ್ಕಳು ಉತ್ತರಿಸುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧ! ಕಿರಣವನ್ನು ಮೊದಲು 10 ಮಿ.ಮೀ.ಗೆ ಅಗಲಿಸಿದರೆ ಚುಕ್ಕೆ ಹತ್ತು ಪಾಲು ಕುಗ್ಗಿ ಸುಮಾರು 0.008 ಮಿ.ಮೀ. ಆಗುತ್ತದೆ. ತರಂಗದೂರ ಕಡಿಮೆಯಾದರೂ ಚುಕ್ಕೆ ಕಿರಿದಾಗುತ್ತದೆ. ಸಿ.ಡಿ.ಯ 780 ನ್ಯಾನೋಮೀಟರ್ ಬೆಳಕಿನಿಂದ ಡಿ.ವಿ.ಡಿ.ಯ 650ಕ್ಕೆ ಇಳಿದದ್ದರಿಂದಲೇ ಅದೇ ಅಳತೆಯ ತಟ್ಟೆಯಲ್ಲಿ ಇನ್ನೂ ಒತ್ತೊತ್ತಾಗಿ ಬರೆಯಲು ಸಾಧ್ಯವಾಯಿತು.

ವಿದ್ಯಾರ್ಥಿಗಳೇ, ಸಂತೆಯಲ್ಲಿ ಸಿಗುವ ಲೇಸರ್ ಆಟಿಕೆಯನ್ನು ಯಾರ ಕಣ್ಣಿಗೂ ಹಿಡಿಯಬೇಡಿ. ಕಣ್ಣೊಳಗೂ ಒಂದು ಮಸೂರವಿದೆ. ಅದು ಆ ಕಿರಣವನ್ನು ನೇರ ಅಕ್ಷಿಪಟಲದ ಮೇಲೆಯೇ ಕೂಡಿಸುತ್ತದೆ.