ಗದ್ದಲದ ತೆರಿಗೆ ಹೋಯಿತು, ಸದ್ದಿಲ್ಲದ್ದು ಉಳಿಯಿತು

ಅಮೆರಿಕದ ಆರೋಗ್ಯ ಸುಧಾರಣೆಯ ಚರಿತ್ರೆ ಅರ್ಧಕ್ಕರ್ಧ ಆದಾಯ ತೆರಿಗೆಯ ಚರಿತ್ರೆಯೇ. ಮಹಾಯುದ್ಧದ ನಡುವೆ, 1942ರಲ್ಲಿ, ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಆರೋಗ್ಯ ವಿಮೆ ಕೊಡತೊಡಗಿದವು. ಮಾಲೀಕ ಕಟ್ಟುವ ಪ್ರೀಮಿಯಂ ನೌಕರನ ಆದಾಯವಲ್ಲ ಎಂದು 1954ರ ತೆರಿಗೆ ಕಾನೂನು ಅದಕ್ಕೆ ಮುದ್ರೆ ಒತ್ತಿತು. ಸ್ವಂತ ದುಡಿಮೆಯವರಿಗೆ ಪ್ರೀಮಿಯಂ ಅನ್ನು ಆದಾಯದಿಂದ ಪೂರ್ತಿ ಕಳೆಯುವ ಅವಕಾಶ ಸಿಕ್ಕಿದ್ದು 2003ರಲ್ಲಿ! 1965ರಲ್ಲಿ ಬಂದ ಮೆಡಿಕೇರ್‌ಗೆ ಸಂಬಳದ ಮೇಲೇ ತೆರಿಗೆ. ಈಗ ನೌಕರನದು 1.45%, ಮಾಲೀಕನದೂ ಅಷ್ಟೇ.

2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ ಕಾಯ್ದೆ ಈ ನಂಟನ್ನು ಇನ್ನಷ್ಟು ಬಿಗಿ ಮಾಡಿತು. ಗಲಾಟೆಯೆಲ್ಲ ನಡೆದದ್ದು ವಿಮೆ ಇಲ್ಲದವರ ದಂಡದ ಬಗ್ಗೆ. ಸುಪ್ರೀಂ ಕೋರ್ಟ್ 2012ರಲ್ಲಿ 5-4ರ ಬಹುಮತದಿಂದ ಅದನ್ನು ತೆರಿಗೆ ಎಂದೇ ಪರಿಗಣಿಸಿ ಎತ್ತಿಹಿಡಿಯಿತು. 2016ರಲ್ಲಿ ಅದು ಒಬ್ಬರಿಗೆ 695 ಡಾಲರ್ ಅಥವಾ ಆದಾಯದ 2.5%, ಯಾವುದು ಹೆಚ್ಚೋ ಅದು. ಟ್ರಂಪ್ ಕಾಲದ 2017ರ ಕಾಯ್ದೆ ಅದನ್ನು 2019ರಿಂದ ಸೊನ್ನೆಗಿಳಿಸಿತು. ದುಬಾರಿ ವಿಮೆಗಳ ಮೇಲಿನ 40% ತೆರಿಗೆಯಂತೂ ಒಮ್ಮೆಯೂ ವಸೂಲಾಗದೆ ರದ್ದಾಯಿತು. ಅದು ಕಾರ್ಮಿಕ ಸಂಘಗಳಿಗೂ ಬೇಡವಾಗಿತ್ತು, ಮಾಲೀಕರಿಗೂ ಬೇಡವಾಗಿತ್ತು.

ಯಾರೂ ಅಷ್ಟಾಗಿ ಕೂಗಾಡದ ಎರಡು ತೆರಿಗೆಗಳು ಮಾತ್ರ 2013ರಿಂದ ಗಟ್ಟಿಯಾಗಿ ಕೂತಿವೆ: ಸಂಬಳದ ಮೇಲೆ ಹೆಚ್ಚುವರಿ 0.9%, ಬಡ್ಡಿ, ಲಾಭಾಂಶ, ಬಾಡಿಗೆಯಂಥ ಗಳಿಕೆಯ ಮೇಲೆ 3.8%. ಒಂಟಿಯವರಿಗೆ 2 ಲಕ್ಷ, ಜಂಟಿಯಾಗಿ ರಿಟರ್ನ್ ಸಲ್ಲಿಸುವ ದಂಪತಿಗೆ 2.5 ಲಕ್ಷ ಡಾಲರ್ ದಾಟಿದರೆ ಇವು ಅನ್ವಯ. ಬೆಲೆ ಏರಿದರೂ ಈ ಮಿತಿ ಏರುವುದಿಲ್ಲ. ಹಾಗಾಗಿ ಅಂದು ಸಿರಿವಂತರಿಗೆಂದು ಹಾಕಿದ ತೆರಿಗೆ ಇಂದು ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿರುವ ಮನೆಗೂ ತಟ್ಟುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಬೆಂಗಳೂರಿನ ಫ್ಲ್ಯಾಟಿನಿಂದ ಬರುವ ಬಾಡಿಗೆಯೂ ಈ ಲೆಕ್ಕಕ್ಕೆ ಸೇರುತ್ತದೆ.

ಉದ್ಯಮಗಳ ವಿಷಯದಲ್ಲಿ, ನೌಕರರಿಗೆ ವಿಮೆ ಕೊಡದಿದ್ದರೆ ದಂಡ ಎಂಬ ಗೆರೆ ಎಳೆದಿರುವುದು 50 ಪೂರ್ಣಾವಧಿ ನೌಕರರಿಗೆ. ವಾರಕ್ಕೆ 30 ಗಂಟೆ ದುಡಿದರೆ ಪೂರ್ಣಾವಧಿ. 60 ಜನರ ಹೋಟೆಲೊಂದು ವಿಮೆ ಕೊಡಲಿಲ್ಲ, ಅವರಲ್ಲೊಬ್ಬರು ವಿಮೆ ಕೊಳ್ಳಲು ಸರ್ಕಾರದ ಸಹಾಯಧನ ಪಡೆದರು ಎನ್ನಿ. ಮೊದಲ 30 ಜನರನ್ನು ಬಿಟ್ಟು ಉಳಿದವರಿಗೆ ತಲಾ 2,000 ಡಾಲರಿನಂತೆ, ಕಾಯ್ದೆಯ ಮೂಲ ದರದಲ್ಲೇ ವರ್ಷಕ್ಕೆ 60,000 ಡಾಲರ್ ದಂಡ. ಆ ದರ ಆಮೇಲೆ ಏರುತ್ತಲೇ ಬಂದಿದೆ. ಕಟ್ಟಿದ ದಂಡವನ್ನು ಖರ್ಚೆಂದು ತೋರಿಸುವಂತೆಯೂ ಇಲ್ಲ. 25ಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಉದ್ಯಮಗಳಿಗೆ ಪ್ರೀಮಿಯಂನ 50%ವರೆಗೆ ತೆರಿಗೆ ವಿನಾಯಿತಿ ಇದೆ, ಆದರೆ ಎರಡೇ ವರ್ಷ. ನನ್ನ ಮಟ್ಟಿಗೆ ಅದು ಕಣ್ಣೊರೆಸುವ ತಂತ್ರ.

ವ್ಯಕ್ತಿಗಳ ಪ್ರೀಮಿಯಂ ಸಹಾಯಧನವನ್ನು 2021ರಲ್ಲಿ ಹಿಗ್ಗಿಸಲಾಗಿತ್ತು. 2025ರ ಕೊನೆಗೆ ಅದರ ಅವಧಿ ಮುಗಿಯಿತು. 2026ರ ವಿಮೆಗೆ ಒಂಟಿ ವ್ಯಕ್ತಿಯ ಆದಾಯ 62,600 ಡಾಲರ್ ದಾಟಿತೆಂದರೆ ಸಹಾಯಧನ ಪೂರ್ತಿ ಕೈತಪ್ಪುತ್ತದೆ. ಮುಂಗಡವಾಗಿ ಹೆಚ್ಚು ಪಡೆದಿದ್ದರೆ ಹಿಂದಿರುಗಿಸುವ ಮೊತ್ತಕ್ಕಿದ್ದ ಮಿತಿಯನ್ನೂ 2025ರ ಕಾನೂನು ತೆಗೆದುಹಾಕಿದೆ. ಅಲ್ಲಿ ಸ್ವಂತ ದುಡಿಮೆಯಲ್ಲಿರುವವರು ವರ್ಷದ ನಡುವೆ ಆದಾಯ ಏರಿದರೆ ರಿಟರ್ನ್‌ವರೆಗೆ ಕಾಯದೆ, ವಿಮೆ ಕೊಂಡ ಸರ್ಕಾರಿ ಮಾರುಕಟ್ಟೆಗೆ ಕೂಡಲೇ ತಿಳಿಸಿ.