ಮೈಲಿಗೆ ನಾಲ್ಕು ಜೀವ

ಕಳೆದ ಶತಮಾನದ ಮೊದಲ ದಶಕದಲ್ಲಿ ಯುಗಾಂಡಾ ರೈಲ್ವೆ ಹೊರಡಿಸಿದ ಪೋಸ್ಟರೊಂದನ್ನು ಈಗಲೂ ಮರುಮುದ್ರಿಸಿ ಮಾರುತ್ತಾರೆ. ಸಿರಿವಂತ ಮನೆತನದವರು ಚಳಿಗಾಲ ಕಳೆಯಲು ಬ್ರಿಟಿಷ್ ಪೂರ್ವ ಆಫ್ರಿಕಾದ ಎತ್ತರದ ನಾಡಿಗೆ ಬರುವುದು ರೂಢಿಯಾಗಿದೆ, ದೊಡ್ಡ ಬೇಟೆಯ ಹವ್ಯಾಸಿಗಳಿಗೂ ಇದೇ ತಾಣ, ನಮ್ಮ ರೈಲು ಹಾಯುವುದೇ ಜಗತ್ತಿನ ಅತಿದೊಡ್ಡ ಮೃಗವನದ ನಡುವೆ ಎಂದು ಅದರ ಒಕ್ಕಣೆ. 

ಇಂಥ ಬೇಟೆಯ ಲೆಕ್ಕ ಹುಡುಕಹೊರಟರೆ ಕಷ್ಟಪಡಬೇಕಿಲ್ಲ. ಥಿಯೋಡರ್ ರೂಸ್ವೆಲ್ಟ್ ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದವರೇ 1909ರಲ್ಲಿ ಮೊಂಬಾಸಾಕ್ಕೆ ಬಂದು, ಇದೇ ರೈಲಿನ ಎಂಜಿನ್ ಮುಂದೆ ಕೂಡಿಸಿದ ಆಸನದಲ್ಲಿ ಕೂತು ಒಳನಾಡಿಗೆ ಹೋದರು. ತಮ್ಮ ಪುಸ್ತಕದಲ್ಲಿ ಜಾತಿವಾರು ಪಟ್ಟಿಯನ್ನೇ ಕೊಟ್ಟಿದ್ದಾರೆ: ತಾವು ಹೊಡೆದದ್ದು 296, ಮಗ ಕರ್ಮಿಟ್ 216. ಬಹಳಷ್ಟು ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿದವು.

ಆ ಹಳಿ ಹಾಕಿದವರ ಲೆಕ್ಕ ಬೇರೆ ಕಡತದಲ್ಲಿದೆ. ಕಾಮಗಾರಿ ಶುರುವಾದದ್ದು 1896ರಲ್ಲಿ; ವಿಕ್ಟೋರಿಯಾ ಸರೋವರದ ದಡ ಮುಟ್ಟಿದ್ದು 1901ರ ಡಿಸೆಂಬರಿನಲ್ಲಿ. ಬ್ರಿಟಿಷ್ ಸಂಸತ್ತಿಗೆ ಸಲ್ಲಿಸಿದ ರೈಲ್ವೆ ಸಮಿತಿಯ ಅಂತಿಮ ವರದಿ ಹೇಳುವಂತೆ ಭಾರತದಿಂದ ಕರೆತಂದ ಕೆಲಸಗಾರರು 31,983 ಮಂದಿ. ಹೆಚ್ಚಿನವರು ಪಂಜಾಬಿನವರು, ಕರಾಚಿಯಲ್ಲಿ ಹಡಗು ಹತ್ತಿದವರು. ಅವರಲ್ಲಿ 2,493 ಜನ ಸತ್ತರು; 6,454 ಜನರನ್ನು ಅಶಕ್ತರೆಂದು ವಾಪಸು ಕಳಿಸಲಾಯಿತು. ಹಳಿಯ ಉದ್ದದಿಂದ ಭಾಗಿಸಿದರೆ ಪ್ರತಿ ಮೈಲಿಗೂ ನಾಲ್ಕು ಜೀವ. ಓದಿದ ಮೇಲೆ ಪೋಸ್ಟರಿನ ಬಣ್ಣಗಳನ್ನು ಮೊದಲಿನಂತೆ ಮೆಚ್ಚಲು ನನ್ನಿಂದಾಗಲಿಲ್ಲ.

ಪೋಸ್ಟರು ಹೊಗಳುವ ಮೃಗವನದ ಸಿಂಹಗಳೂ ಈ ಕಡತಗಳಲ್ಲಿವೆ. 1898ರಲ್ಲಿ ತ್ಸಾವೊ ಸೇತುವೆಯ ಬಳಿ ಎರಡು ಸಿಂಹಗಳು 28 ಭಾರತೀಯರನ್ನು ಕೊಂದವೆಂದು ಎಂಜಿನಿಯರ್ ಪ್ಯಾಟರ್ಸನ್ ಬರೆದಿದ್ದಾನೆ. ಸತ್ತ ಆಫ್ರಿಕನ್ನರನ್ನು ಯಾರೂ ಎಣಿಸಲೇ ಇಲ್ಲ. 1900ರಲ್ಲಿ ಕೀಮಾದಲ್ಲಿ ಪೊಲೀಸ್ ಅಧಿಕಾರಿ ರೈಲ್‌ನನ್ನು ಸಿಂಹವೊಂದು ರೈಲುಬೋಗಿಯೊಳಗಿಂದಲೇ ಎಳೆದೊಯ್ದಿತು. ಆ ಬೋಗಿಯನ್ನು ನೈರೋಬಿಯ ರೈಲ್ವೆ ಮ್ಯೂಸಿಯಂ ಕಾಪಾಡಿಕೊಂಡು ಬಂದಿದೆ.

ಇದೇ ನಾಡಿಗೆ ಹೊರಗಿನಿಂದ ಬರುತ್ತಿದ್ದ ಬೇಟೆಗಾರನ ಪರವಾನಗಿಗೆ 50 ಪೌಂಡು ಶುಲ್ಕವಿತ್ತು. ಅಲ್ಲಿ ಆಗ ನಡೆಯುತ್ತಿದ್ದುದು ನಮ್ಮದೇ ರೂಪಾಯಿ, ಆ ಲೆಕ್ಕದಲ್ಲಿ 750. ಕಲ್ಲುಕುಟಿಗರಿಗೆ ತಿಂಗಳಿಗೆ 45 ರೂಪಾಯಿ, ಸಾಮಾನ್ಯ ಕೂಲಿಯವರಿಗೆ 12 ಎಂದು ಪ್ಯಾಟರ್ಸನ್ ದಾಖಲಿಸಿದ್ದಾನೆ. ಹಳಿ ಹೊತ್ತವನ ಐದು ವರ್ಷಕ್ಕೂ ಮೀರಿದ ಸಂಬಳ, ಅದೇ ಹಳಿಯ ಮೇಲೆ ಬಂದವನಿಗೆ ಕೋವಿ ಎತ್ತುವ ಅಪ್ಪಣೆಯ ಬೆಲೆಯಾಗಿತ್ತು.